ಮಂದಿ, ಮಂದೆ ಮತ್ತು ಗ್ಯಾಂಗ್: ಗುಂಪಿಗೆ ಹೆಸರಿಡುವ ಕನ್ನಡದ ಕಸುಬು

ಅರೇಹಳ್ಳಿ (ಬೇಲೂರು ತಾಲ್ಲೂಕು): ಕಾಡಾನೆಗಳು ಗ್ಯಾಂಗ್ ಕಟ್ಟುತ್ತವೆಯೇ? ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಸುದ್ದಿ ಓದುವ ರೂಢಿಯಿರುವವರಿಗೆ ಈ ಪ್ರಶ್ನೆ ವಿಚಿತ್ರವೆನಿಸದು. ಅರೇಹಳ್ಳಿ, ಬಿಕ್ಕೋಡು ಹೋಬಳಿಗಳ ಕಾಫಿ ತೋಟಗಳಲ್ಲಿ ಸಂಚರಿಸುವ ಆನೆಗಳಿಗೆ ಗುರುತಿಗಾಗಿ ಹೆಸರುಗಳಿವೆ. ಭೀಮ, ಕ್ಯಾಪ್ಟನ್ ಎಂಬುವು ಗಂಡಾನೆಗಳು. ಬೀಟಮ್ಮ, ಭುವನೇಶ್ವರಿ ಎಂಬುವು ಹೆಣ್ಣಾನೆಗಳು; ಅವುಗಳ ಹಿಂದೆ ನಡೆಯುವ ಹಿಂಡುಗಳಿಗೂ ಅವೇ ಹೆಸರು. 2024ರ ಆರಂಭದಲ್ಲಿ ಬೀಟಮ್ಮನ ಹಿಂಡು ಹಾಸನದ ಕಡೆಯಿಂದ ಚಿಕ್ಕಮಗಳೂರಿನ ತೋಟಗಳಿಗೆ ದಾಟಿದಾಗ ದೂರದರ್ಶನ ವಾಹಿನಿಗಳೂ ಪತ್ರಿಕೆಗಳೂ ಬಳಸಿದ ಮಾತು ‘ಬೀಟಮ್ಮ ಗ್ಯಾಂಗ್’. ಓದುಗರು ನಕ್ಕರು. ಹೆಸರು ನಿಂತಿತು.

ಹಾಸ್ಯವಾಗಿ ಈ ಮಾತು ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅಜ್ಜಿಯೊಬ್ಬಳ ಹೆಸರಿನಂತಿರುವ ‘ಬೀಟಮ್ಮ’ನಿಗೆ ಪೊಲೀಸ್ ಠಾಣೆಯ ಕಡತದಿಂದ ಎದ್ದುಬಂದಂತಿರುವ ‘ಗ್ಯಾಂಗ್’ ತಗುಲಿಕೊಂಡದ್ದೇ ಅದರ ಸೊಗಸು. ಆದರೆ ಆನೆಯ ಬದುಕನ್ನು ಬಲ್ಲವರ ಕಣ್ಣಿಗೆ ಅದು ಗ್ಯಾಂಗ್ ಅಲ್ಲ, ಸಂಸಾರ. ಹಿರಿಯ ಹೆಣ್ಣಾನೆ, ಅದರ ಹೆಣ್ಣುಮಕ್ಕಳು, ಸೋದರಿಯರು, ಅವುಗಳ ಮರಿಗಳು ಸೇರಿ ಒಂದು ಹಿಂಡು. ಗಂಡುಮರಿಗಳು ಹರೆಯಕ್ಕೆ ಬಂದಾಗ ಹಿಂಡನ್ನು ಬಿಟ್ಟು ಒಂಟಿಯಾಗಿಯೋ ತಮ್ಮಂತಹವೇ ಗಂಡಾನೆಗಳ ಜೊತೆಯಲ್ಲಿಯೋ ತಿರುಗುತ್ತವೆ. ಪುಂಡರ ಕೂಟವೆಂಬ ಹೆಸರು ಯಾರಿಗಾದರೂ ಒಪ್ಪುವುದಿದ್ದರೆ ಈ ಗಂಡಾನೆಗಳಿಗೆ ಒಪ್ಪೀತೇ ಹೊರತು ಮರಿಗಳನ್ನು ನಡುವೆ ಇಟ್ಟುಕೊಂಡು ನಡೆಯುವ ಬೀಟಮ್ಮನ ಪರಿವಾರಕ್ಕಲ್ಲ.

ಮಾತಿನ ಇನ್ನೊಂದು ಬದಿಯನ್ನೂ ನೋಡಬೇಕು. ಆನೆಗಳ ಮೇಲೆ ನಿಗಾ ಇಡಲು ಸರ್ಕಾರ ರಚಿಸಿರುವ ಸಿಬ್ಬಂದಿ ತಂಡದ ಹೆಸರು ‘ಆನೆ ಕಾರ್ಯಪಡೆ’. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾಗಿ, ವಿಜ್ಞಾನಿ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ 2012ರಲ್ಲಿ ವರದಿ ನೀಡಿದ ತಜ್ಞರ ಸಮಿತಿಗೂ ‘ಪಡೆ’ ಎಂಬುದೇ ಹೆಸರಾಗಿತ್ತು. ಒಂದು ಕಡೆ ಪಡೆ, ಇನ್ನೊಂದು ಕಡೆ ಗ್ಯಾಂಗ್. ಎರಡು ಸಮೂಹವಾಚಕಗಳು ಎದುರುಬದುರಾದ ಕೂಡಲೇ ಕಳ್ಳ–ಪೊಲೀಸರ ಕಥೆಯೊಂದು ತಾನಾಗಿಯೇ ಸಿದ್ಧವಾಗುತ್ತದೆ. ತೋಟಗಳ ನಡುವೆ ಕಾಡು ತುಂಡಾಗಿ ಹೋದದ್ದು, ಬಾಳೆ, ಬೈನೆ, ಹಲಸುಗಳ ರುಚಿ ಹತ್ತಿದ ಆನೆಗಳು ತೋಟವನ್ನೇ ಮನೆಮಾಡಿಕೊಂಡದ್ದು ಮುಂತಾದ ಸಂಗತಿಗಳಿಗೆ ಆ ಕಥೆಯಲ್ಲಿ ಸ್ಥಳವಿಲ್ಲ. 2014–15ರಲ್ಲಿ ಆಲೂರು–ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ನಂತರವೂ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್‌ನಲ್ಲಿ ದಸರಾ ಆನೆ ಅರ್ಜುನ ಸತ್ತದ್ದು ಸಕಲೇಶಪುರ ತಾಲ್ಲೂಕಿನ ಕಾರ್ಯಾಚರಣೆಯಲ್ಲಿಯೇ. 2025ರ ಮೊದಲ ತಿಂಗಳುಗಳಲ್ಲಿ ಬೇಲೂರು ತಾಲ್ಲೂಕಿನಲ್ಲಿ ಆನೆ ತುಳಿತಕ್ಕೆ ಸಿಕ್ಕಿ ಹಲವರು ಜೀವ ಕಳೆದುಕೊಂಡರು. ಇಷ್ಟು ನೋವಿರುವ ಜಾಗದಲ್ಲಿ ಗುಂಪಿಗೆ ಇಡುವ ಹೆಸರು ಬರೀ ತಮಾಷೆಯ ವಿಷಯವಾಗಿ ಉಳಿಯುವುದಿಲ್ಲ.

ಅದಕ್ಕಾಗಿಯೇ ಗುಂಪಿನ ಹೆಸರುಗಳು ಕನ್ನಡದಲ್ಲಿ ಹೇಗೆ ಹುಟ್ಟುತ್ತವೆ, ನಗಿಸುವ ಹೆಸರು ಯಾವುದು, ಚುಚ್ಚುವ ಹೆಸರು ಯಾವುದು ಎಂಬುದನ್ನು ಬಿಡಿಸಿ ನೋಡುವುದು ಸೂಕ್ತ.

ಸಿವುಡಿನಿಂದ ಬಣವೆಯವರೆಗೆ

ಕನ್ನಡದ ಸಮೂಹವಾಚಕಗಳ ಕಣಜ ತುಂಬಿರುವುದು ಹೊಲ ಗದ್ದೆಗಳಲ್ಲಿ. ಭತ್ತದ ಬೆಳೆಯೊಂದನ್ನೇ ನೋಡಿದರೂ ಸಾಕು. ಕೊಯ್ದ ತೆನೆ ಮೊದಲು ಹಿಡಿ, ಕಟ್ಟಿದರೆ ಸಿವುಡು, ತಲೆಯ ಮೇಲೇರಿದರೆ ಹೊರೆ, ಒಟ್ಟಿದರೆ ಮೆದೆ, ಬಡಿದು ತೂರಿದ ಕಾಳು ರಾಶಿ, ಉಳಿದ ಹುಲ್ಲು ಬಣವೆ. ವಸ್ತು ಒಂದೇ, ಕೆಲಸದ ಹಂತ ಬದಲಾದಂತೆ ಗುಂಪಿನ ಹೆಸರೂ ಬದಲಾಗುತ್ತದೆ. ಬಾಳೆ ಗಿಡದಲ್ಲಿದ್ದಾಗ ಗೊನೆ, ಬಿಡಿಸಿದರೆ ಚಿಪ್ಪು. ವೀಳ್ಯದೆಲೆ ಕವಳಿಗೆ, ಹೂವು ದಂಡೆ, ಕಾಫಿ ಹಣ್ಣು ಗೊಂಚಲು. ಇರುವೆಗೆ ಸಾಲು, ಕುರಿಗೆ ಮಂದೆ, ಹಕ್ಕಿಗೆ ಹಿಂಡು. ಮದುವೆಗೆ ಹೊರಟ ಬಂಧುಗಳಿಗೆ ದಿಬ್ಬಣವೆಂಬ ಪ್ರತ್ಯೇಕ ಪದವೇ ಇದೆ. ಅದೇ ಬಂಧುಗಳು ಮದುವೆ ಮುಗಿಸಿ ಬಸ್ಸಿಗೆ ಕಾದು ನಿಂತಾಗ ಆ ಹೆಸರಿಗೆ ಅರ್ಹರಲ್ಲ!

ಮನುಷ್ಯರ ಗುಂಪುಗಳಿಗೆ ಕನ್ನಡ ಪ್ರತ್ಯೇಕ ಗೌರವ ತೋರಿದೆ. ವಸ್ತುಗಳು ಎರಡು, ಮೂರು. ಮನುಷ್ಯರಾದರೆ ಇಬ್ಬರು, ಮೂವರು, ನಾಲ್ವರು, ಐವರು. ಇಂದಿನ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಈ ಸರಣಿ ಐವರಿಗೆ ನಿಂತು, ಮುಂದೆ ‘ಆರು ಮಂದಿ’ ಎಂದಾಗುತ್ತದೆ. ಹಳಗನ್ನಡದಲ್ಲಿ ಎಣ್ಬರ್, ಪದಿಂಬರ್ ಎಂದು ಅದು ಮುಂದುವರಿಯುತ್ತಿತ್ತು. ಐಹೊಳೆಯ ಹೆಸರು ಹೊತ್ತ ವರ್ತಕರ ಮಹಾಸಂಘಕ್ಕೆ ಶಾಸನಗಳಲ್ಲಿರುವ ಹೆಸರು ‘ಅಯ್ಯಾವೊಳೆ ಐನೂರ್ವರು’. ಸಂಖ್ಯೆಯೇ ಸಂಸ್ಥೆಯ ಹೆಸರಾಯಿತು. ಸದಸ್ಯರು ಐನೂರಕ್ಕಿಂತ ಹೆಚ್ಚಾದರೂ ಹೆಸರು ಬದಲಾಗಲಿಲ್ಲ.

ಸಂಸ್ಕೃತದಿಂದ ಬಂದ ಪದಗಳ ಕಥೆ ಇನ್ನೂ ಸ್ವಾರಸ್ಯಕರ. ಅಮರಕೋಶವು ಗುಂಪುಗಳನ್ನು ಅವು ಯಾರವು ಎಂಬುದನ್ನು ನೋಡಿ ವಿಂಗಡಿಸುತ್ತದೆ. ಒಂದೇ ಜಾತಿಯ ಜೀವಿಗಳದು ಕುಲ, ಪ್ರಾಣಿಗಳದು ಯೂಥ, ಒಂದೇ ಧರ್ಮದ ಆಚರಣೆಯುಳ್ಳವರದು ನಿಕಾಯ. ಆನೆಗಳ ಗುಂಪಿಗೆ ಹಾಸ್ತಿಕ, ಗಜತೆ ಎಂಬ ಹೆಸರುಗಳಿವೆ. ಕಜ್ಜಾಯದ ರಾಶಿಗೂ ಅಲ್ಲಿ ಒಂದು ಪದವುಂಟು: ಆಪೂಪಿಕ. ಪಾಣಿನಿಯ ವ್ಯಾಕರಣದಲ್ಲಿ ಸಮೂಹದ ಅರ್ಥ ಕೊಡುವ ಪ್ರತ್ಯಯಗಳಿಗೇ ಒಂದು ಪ್ರಕರಣವಿದೆ. ಗ್ರಾಮಗಳ ಗುಂಪು ಗ್ರಾಮತೆಯಾದಂತೆ ಜನರ ಗುಂಪು ‘ಜನತೆ’. ಚುನಾವಣೆ ಬಂದಾಗ ಎಲ್ಲರ ಬಾಯಲ್ಲೂ ಕುಣಿಯುವ ಈ ಪದ ವ್ಯಾಕರಣದ ದೃಷ್ಟಿಯಲ್ಲಿ ಗಜತೆಯ ಒಡಹುಟ್ಟು!

ಇದಕ್ಕಿಂತಲೂ ಗಮನಿಸಬೇಕಾದ ಜೋಡಿ ಒಂದಿದೆ. ಅಮರಕೋಶದ ಪ್ರಕಾರ ಪಶುಗಳ ಗುಂಪು ‘ಸಮಜ’, ಉಳಿದವರ ಗುಂಪು ‘ಸಮಾಜ’. ಹಟ್ಟಿಗೂ ನಾಗರಿಕತೆಗೂ ನಡುವೆ ಇರುವುದು ಒಂದು ದೀರ್ಘ ಮಾತ್ರ. ಅಚ್ಚಗನ್ನಡದಲ್ಲಿಯೂ ಇಂತಹದೇ ಜೋಡಿ ಕಾಣುತ್ತದೆ. ಮನುಷ್ಯರು ಮಂದಿ, ಕುರಿಗಳು ಮಂದೆ. ಒಂದು ಸ್ವರ ಜಾರಿದರೆ ಮನುಷ್ಯ ದೊಡ್ಡಿ ಸೇರುತ್ತಾನೆ. ಗುಂಪಿನ ಹೆಸರಿನಲ್ಲಿ ಹಾಸ್ಯ ಹುಟ್ಟುವುದೂ ಈ ಜಾರುವ ಜಾಗದಲ್ಲಿಯೇ, ಅವಮಾನ ಹುಟ್ಟುವುದೂ ಅಲ್ಲಿಯೇ.

ಕಾಗೆಗಳ ಕೊಲೆ, ಮಕ್ಕಳ ಕಪಿಸೈನ್ಯ

ಗುಂಪಿಗೆ ತಮಾಷೆಯ ಹೆಸರಿಡುವ ಆಟವನ್ನು ಇಂಗ್ಲಿಷಿನವರು ಶಾಸ್ತ್ರದ ಮಟ್ಟಕ್ಕೆ ಒಯ್ದಿದ್ದಾರೆ. 1486ರಲ್ಲಿ ಅಚ್ಚಾದ ‘ಸೇಂಟ್ ಆಲ್ಬನ್ಸ್ ಪುಸ್ತಕ’ದಲ್ಲಿ ಬೇಟೆಯಾಡುವ ಶ್ರೀಮಂತರು ತಿಳಿದಿರಬೇಕಾದ ಗುಂಪಿನ ಹೆಸರುಗಳ ದೊಡ್ಡ ಪಟ್ಟಿಯಿದೆ. ಕಾಗೆಗಳ ಗುಂಪಿಗೆ ‘ಕೊಲೆ’ ಎಂಬ ಹೆಸರು ಅಲ್ಲಿಯದು. ಪಟ್ಟಿ ಮುಂದುವರಿದಂತೆ ಪ್ರಾಣಿ ಪಕ್ಷಿಗಳ ನಡುವೆ ಮನುಷ್ಯರು ನುಸುಳುತ್ತಾರೆ: ವಕೀಲರಿಗೆ ‘ವಾಗ್ಮಿತೆ’, ಸನ್ಯಾಸಿನಿಯರಿಗೆ ‘ಅತಿಯಾಯಿತು’ ಎಂಬರ್ಥದ ಪದ, ಚಮ್ಮಾರರಿಗೆ ‘ಕುಡಿತ’. ಬೇಟೆಗಾರರ ಕೈಪಿಡಿಯೆಂಬ ನೆಪದಲ್ಲಿ ಅದು ಆ ಕಾಲದ ಸಮಾಜವನ್ನು ಅಣಕಿಸುವ ಪಟ್ಟಿಯೂ ಆಗಿತ್ತು. ಅಣಕ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನೂ ನೋಡಬೇಕು: ಕುದುರೆಯೇರಿದವರು ಚಪ್ಪಲಿ ಹೊಲಿಯುವವರನ್ನು ಕುಡುಕರೆಂದರು. ಚಮ್ಮಾರರು ಪಟ್ಟಿ ಬರೆದಿದ್ದರೆ ಬೇಟೆಗಾರರಿಗೆ ಯಾವ ಹೆಸರು ಸಿಗುತ್ತಿತ್ತೋ! ಅಮೆರಿಕದ ಲೇಖಕ ಜೇಮ್ಸ್ ಲಿಪ್ಟನ್ 1968ರಲ್ಲಿ ಇಂತಹ ಪದಗಳ ಪುಸ್ತಕ ಹೊರತಂದ ಮೇಲೆ ಹೊಸ ಹೆಸರು ಕಟ್ಟುವುದು ಅಲ್ಲಿನ ವಿದ್ಯಾವಂತರ ಮೆಚ್ಚಿನ ವಿನೋದವಾಯಿತು.

ಕನ್ನಡದಲ್ಲಿ ಅಂತಹ ಪಟ್ಟಿ ಅಚ್ಚಾಗಿಲ್ಲವಾದರೂ ಆಟ ಹೊಸದಲ್ಲ. ಬೇಸಿಗೆ ರಜೆಗೆ ಬಂದಿಳಿದ ಮೊಮ್ಮಕ್ಕಳನ್ನು ‘ಕಪಿಸೈನ್ಯ’ವೆನ್ನದ ಅಜ್ಜಿ ಅಪರೂಪ. ಮನೆ ತುಂಬ ನೆಂಟರು ಬಂದರೆ ‘ಅಕ್ಷೌಹಿಣಿ’; ಮಹಾಭಾರತದ ಲೆಕ್ಕದಂತೆ ಒಂದು ಅಕ್ಷೌಹಿಣಿಯ ಕಾಲಾಳುಗಳೇ 1,09,350, ಜೊತೆಗೆ 21,870 ಆನೆಗಳು ಎಂಬುದು ಅಡುಗೆಮನೆಯಲ್ಲಿ ನಿಂತವರಿಗೆ ಉತ್ಪ್ರೇಕ್ಷೆಯೆನಿಸುವುದಿಲ್ಲ. ರಾಜಕಾರಣಿಯ ಹಿಂಬಾಲಕರು ‘ಪಟಾಲಂ’. ಯುರೋಪಿನ ಸೈನ್ಯಗಳ ಬೆಟಾಲಿಯನ್ ದಕ್ಷಿಣದ ನಾಲಿಗೆಗಳಲ್ಲಿ ಹೊರಳಿ ಈ ರೂಪ ತಳೆದಿದೆ; ಶಿಸ್ತಿನ ಸಂಕೇತವಾಗಿದ್ದ ಪದ ಕನ್ನಡಕ್ಕೆ ಬರುವಷ್ಟರಲ್ಲಿ ಶಿಸ್ತೆಲ್ಲ ಉದುರಿ ಹೋಗಿದೆ.

ಪದಗಳನ್ನು ತಿರುಚಿ ನಗಿಸುವ ಬರವಣಿಗೆಗೆ 1942ರಿಂದ 1967ರವರೆಗೆ ‘ಕೊರವಂಜಿ’ ಮಾಸಪತ್ರಿಕೆ ಮನೆಯಾಗಿತ್ತು. ಅದರ ಸಂಪಾದಕ ಡಾ. ಎಂ. ಶಿವರಾಂ ಅವರ ಕಾವ್ಯನಾಮವೇ ಒಂದು ಸಮೂಹವಾಚಕ: ‘ರಾಶಿ’. ಅದರಲ್ಲಿ ಬರೆಯುತ್ತಿದ್ದ ನಾ. ಕಸ್ತೂರಿ ಅವರು ‘ಅನರ್ಥಕೋಶ’ವೆಂಬ ನಗೆನಿಘಂಟನ್ನೇ ಕಟ್ಟಿದರು. ಅವರು ಹುಟ್ಟಿದ್ದು ಕೇರಳದಲ್ಲಿ, ಮನೆಮಾತು ಮಲಯಾಳ. ಹೊರಗಿನಿಂದ ಬಂದ ಕಿವಿಗೆ ಕನ್ನಡ ಪದಗಳ ಒಳಗಿನ ಸಂದುಗೊಂದುಗಳು ಹೆಚ್ಚು ಚೆನ್ನಾಗಿ ಕೇಳಿಸಿದವೋ ಏನೋ.

ಹೊಸ ಗುಂಪುಗಳಿಗೆ ಹಳೆಯ ಪದಗಳು

ಇಂದಿನ ಸಮಾಜದಲ್ಲಿ ಕಂಡಿರದಿದ್ದ ಗುಂಪುಗಳು ಹುಟ್ಟಿಕೊಂಡಿವೆ. ಅವುಗಳಿಗೆ ಮಾಧ್ಯಮಗಳಲ್ಲಿ ಸಿಗುವ ಹೆಸರು ಮಾತ್ರ ಸವೆದ ನಾಣ್ಯ. ಟಿಕೆಟ್ ಆಕಾಂಕ್ಷಿಗಳಿಗೂ ‘ದಂಡು’, ಪ್ರವಾಸಿಗರಿಗೂ ‘ದಂಡು’, ಅಭಿಮಾನಿಗಳಿಗೂ ‘ದಂಡು’. ಮನೆಯಂಗಳದಲ್ಲಿಯೇ ಕವಳಿಗೆ, ಗೊಂಚಲು, ದಿಬ್ಬಣಗಳು ಬಿದ್ದಿರುವಾಗ ಇಷ್ಟು ಬಡತನ ಏಕೆ?

ಹೊಸ ಹೆಸರು ಕಟ್ಟುವುದು ಕಷ್ಟವೇನಲ್ಲ. ಗುಂಪಿನ ಒಂದು ಲಕ್ಷಣವನ್ನು ಸರಿಯಾಗಿ ಹಿಡಿದು, ಅದೇ ಲಕ್ಷಣವುಳ್ಳ ಹಳೆಯ ಪದವನ್ನು ಪಕ್ಕದಲ್ಲಿ ಕೂರಿಸಿದರಾಯಿತು. ಬೇಲೂರಿನ ಶಿಲಾಬಾಲಿಕೆಯ ಕೆಳಗೆ ಒಂದೇ ಚೌಕಟ್ಟಿನೊಳಗೆ ಹತ್ತು ತಲೆ ತುರುಕಲು ಒತ್ತಿಕೊಂಡು ನಿಂತವರು ‘ಸೆಲ್ಫಿ ಗೊಂಚಲು’. ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ಹೊರಟು, ಹಾಡು ಹಾಕಿಕೊಂಡು, ಆತಿಥ್ಯದ ನಿರೀಕ್ಷೆಯಲ್ಲಿ ಮಲೆನಾಡಿಗೆ ಬರುವ ಕಾರುಗಳ ಸಾಲು ‘ಹೋಂಸ್ಟೇ ದಿಬ್ಬಣ’; ಬೀಗರಂತೆಯೇ ಇವರಿಗೂ ಊಟದಲ್ಲಿ ಕೊರತೆ ಕಾಣುವ ಹಕ್ಕಿದೆ. ಪ್ರತಿ ಬೆಳಗ್ಗೆ ಮೊಬೈಲಿಗೆ ಹೂವಿನ ಚಿತ್ರದೊಂದಿಗೆ ಶುಭೋದಯ ಕಳುಹಿಸುವ ನಿವೃತ್ತ ಹಿರಿಯರು ಒಂದು ‘ದಂಡೆ’. ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಹುಲ್ಲಿನ ಅಳತೆಯ ಪದವೇ ಪ್ರಾಸಬದ್ಧವಾಗಿ ಕಾದಿದೆ: ‘ಒಂದು ತೆಕ್ಕೆ ಟೆಕ್ಕಿಗಳು’. ಕಂಪನಿ ಉದ್ಯೋಗ ಕಡಿತಕ್ಕೆ ಹೊರಟಾಗ ತೆಕ್ಕೆ ತೆಕ್ಕೆಯಾಗಿಯೇ ಹೊರಹಾಕುವುದನ್ನು ನೆನೆದರೆ ನಗು ಸ್ವಲ್ಪ ಹುಳಿಯಾಗುತ್ತದೆ.

ಅರೇಹಳ್ಳಿಯ ಸುತ್ತಿನ ಬೆಳೆಗಾರರಿಗೆ ಯಾವ ಪದ? ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಕಾಫಿಯ ಇಡೀ ವರ್ಷದ ಫಸಲನ್ನು ನಿರ್ಧರಿಸುತ್ತದೆ. ಆ ದಿನಗಳಲ್ಲಿ ಸಂಜೆಯ ಹೊತ್ತು ನಾಲ್ವರು ಬೆಳೆಗಾರರು ಸೇರಿದಲ್ಲಿ ಎಲ್ಲರ ಮುಖವೂ ಮೇಲಕ್ಕೆ. ‘ಒಂದು ಮೋಡ ಬೆಳೆಗಾರರು’ ಎಂದರೆ ಅವರೇ ಒಪ್ಪಿಯಾರು. ಮೋಡದಂತೆಯೇ ಗುಡುಗುವುದುಂಟು, ಸುರಿಯುವುದು ಅಪರೂಪ ಎಂದು ಕೂಲಿಯ ಮಾತು ತೆಗೆದವರು ಸೇರಿಸಬಹುದು.

ರಾಜಕೀಯದಲ್ಲಿ ಹೆಸರು ತಾನಾಗಿಯೇ ಬರುತ್ತದೆ. 2019ರ ಜುಲೈನಲ್ಲಿ ರಾಜ್ಯದ ಸಮ್ಮಿಶ್ರ ಸರ್ಕಾರ ಉರುಳುವ ಮುನ್ನ ಶಾಸಕರು ಮುಂಬಯಿಯ ಹೋಟೆಲಿನಲ್ಲಿಯೂ ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿಯೂ ತಂಗಿದ್ದರು. ಹಳ್ಳಿಯಲ್ಲಿ ಮೇಯಲು ಹೋಗಿ ಪರರ ಹೊಲ ಹೊಕ್ಕ ದನಗಳನ್ನು ಕೂಡಿಹಾಕಿ, ದಂಡ ಕಟ್ಟಿದವರಿಗೆ ಬಿಟ್ಟುಕೊಡುವ ಜಾಗಕ್ಕೆ ‘ದೊಡ್ಡಿ’ ಎನ್ನುತ್ತಾರೆ. ‘ಶಾಸಕರ ದೊಡ್ಡಿ’ ಎಂಬ ಹೆಸರಿಗೆ ಹೆಚ್ಚಿನ ವಿವರಣೆ ಬೇಕಾಗದು. ಘಟನಾ ಸ್ಥಳಕ್ಕೆ ಕ್ಯಾಮರಾಗಳೊಂದಿಗೆ ನುಗ್ಗುವ ವರದಿಗಾರರನ್ನೂ ಬಿಡಬೇಕಿಲ್ಲ. ಅವರಿಗೆ ‘ಮುತ್ತಿಗೆ’ ಸಾಕು.

ಈ ಹೆಸರುಗಳಲ್ಲಿ ಪೆಟ್ಟು ಬೀಳುವುದು ನಡತೆಗೆ. ಅದೂ ಬೇಕೆಂದು ಆರಿಸಿಕೊಂಡ ನಡತೆಗೆ. ದೊಡ್ಡಿ ಸೇರುವುದನ್ನು ಶಾಸಕ ನಿಲ್ಲಿಸಬಹುದು, ಗೊಂಚಲಿನಿಂದ ಪ್ರವಾಸಿ ಕಳಚಿಕೊಳ್ಳಬಹುದು. ಹುಟ್ಟನ್ನೋ ಬಡತನವನ್ನೋ ಹಿಡಿದು ಕಟ್ಟಿದ ಹೆಸರಿನಿಂದ ಹಾಗೆ ಹೊರಬರಲಾಗದು. ಮತದಾರರನ್ನು ‘ಕುರಿಮಂದೆ’ ಎನ್ನುವುದು ಹಳೆಯ ಚಾಳಿ. ಅದರಲ್ಲಿ ಹಾಸ್ಯಕ್ಕಿಂತ ಸೋಮಾರಿತನವೇ ಹೆಚ್ಚು.

ಸರ್ಕಾರಿ ಕನ್ನಡ ಈ ಅಪಾಯದಿಂದ ದೂರ, ರಸದಿಂದಲೂ ದೂರ. ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಅಧಿಕೃತ ಹೆಸರಿನಲ್ಲಿದ್ದದ್ದು ಸಪ್ಪೆಯ ‘ಸಮೂಹ’. ಆದರೂ ಸಪ್ಪೆ ಪದಕ್ಕೂ ಅದರದೇ ಘನತೆ ದಕ್ಕುವುದುಂಟು. ‘ಗುಂಪು ಕಟ್ಟಬೇಡಿ’ ಎಂದು ಗದರಿಸುವುದಕ್ಕೇ ಹೆಚ್ಚಾಗಿ ಬಳಕೆಯಾಗುತ್ತಿದ್ದ ‘ಗುಂಪು’, 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಜಾರಿಯಾದ ಮೇಲೆ ಹಳ್ಳಿಯ ಹೆಂಗಸರ ಬಾಯಲ್ಲಿ ಬ್ಯಾಂಕ್ ಖಾತೆಯುಳ್ಳ ಪದವಾಯಿತು. ಹೊರನಾಡಿನ ಕನ್ನಡಿಗರೂ ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು: ದೆಹಲಿ, ಮುಂಬಯಿಗಳಲ್ಲಿ ‘ಸಂಘ’, ಬ್ರಿಟನ್ನಿನಲ್ಲಿ ‘ಬಳಗ’, ಅಮೆರಿಕದಲ್ಲಿ ‘ಕೂಟ’.

ತಮ್ಮ ಹೆಸರನ್ನು ತಾವು ಆರಿಸಿಕೊಳ್ಳಲಾಗದವರೂ ಇದೇ ತೋಟಗಳಲ್ಲಿದ್ದಾರೆ. ಕಾಫಿ ಹಣ್ಣು ಬಿಡಿಸುವ ಕಾಲ ಸಾಮಾನ್ಯವಾಗಿ ನವೆಂಬರ್‌ನಿಂದ ಫೆಬ್ರವರಿಯವರೆಗೆ. ಸ್ಥಳೀಯ ಕಾರ್ಮಿಕರು ಸಾಲದೆ ಉತ್ತರ ಕರ್ನಾಟಕದಿಂದ, ದೂರದ ಅಸ್ಸಾಮಿನಿಂದ ಬಂದವರು ಲೈನ್ ಮನೆಗಳಲ್ಲಿ ಉಳಿದು ದುಡಿಯುತ್ತಾರೆ. ಅವರ ವಿಷಯದಲ್ಲಿ ಸುತ್ತಲಿನ ಮಾತು ಹೀಗಿರುತ್ತದೆ: ಇವತ್ತು ಎಷ್ಟು ಗಾಡಿ ಆಳು ಬಂತು? ‘ಬಂದರು’ ಅಲ್ಲ, ‘ಬಂತು’. ಮೂವರು, ನಾಲ್ವರು ಎಂದು ಮನುಷ್ಯರಿಗೆ ಪ್ರತ್ಯೇಕ ಎಣಿಕೆ ಇಟ್ಟುಕೊಂಡಿರುವ ಭಾಷೆಯಲ್ಲಿ, ಇವರ ಎಣಿಕೆ ವಾಹನದ ಲೆಕ್ಕದಲ್ಲಿ, ಕ್ರಿಯಾಪದ ನಪುಂಸಕಲಿಂಗದಲ್ಲಿ. ಇದನ್ನು ಯಾರೂ ಹಾಸ್ಯಕ್ಕೆಂದು ಕಟ್ಟಲಿಲ್ಲ, ನೋಯಿಸಲೆಂದೂ ಹೇಳುವುದಿಲ್ಲ. ಹೇಳುವವರ ಗಮನಕ್ಕೇ ಬಾರದಷ್ಟು ಅದು ರೂಢಿಯಾಗಿದೆ.

ಬೆಳಗಿನ ಮಂಜಿನಲ್ಲಿ ಆನೆಯ ಎದುರಿಗೆ ಮೊದಲು ಸಿಗುವವರೂ ಇವರೇ. ಹಿಂಡು ಎಲ್ಲಿದೆ ಎಂಬ ಮುನ್ಸೂಚನೆ ಮೊಬೈಲುಗಳಿಗೆ ಬರುತ್ತದೆ. ಸಂದೇಶ ಕನ್ನಡದಲ್ಲಿದ್ದರೆ ಅಸ್ಸಾಮಿನಿಂದ ಬಂದವರಿಗೆ ಅದನ್ನು ಇನ್ನೊಬ್ಬರು ಓದಿ ಹೇಳಬೇಕು. ಆಗ ಬೇಕಾದ ಮಾಹಿತಿ ಎರಡೇ ಪದಗಳಲ್ಲಿ ಅಡಗಿದೆ. ‘ಹಿಂಡು’ ಎಂದರೆ ಮರಿಗಳಿವೆ, ತಾಯಾನೆ ಹತ್ತಿರಕ್ಕೆ ಬಿಡಲಾರದು. ‘ಒಂಟಿ ಸಲಗ’ ಎಂದರೆ ಸದ್ದಿಲ್ಲದೆ ಗಿಡಗಳ ಮರೆಯಲ್ಲಿ ನಿಂತಿರಬಹುದು. ‘ಗ್ಯಾಂಗ್’ ಎಂಬ ಪದ ಇವೆರಡರಲ್ಲಿ ಯಾವುದನ್ನೂ ತಿಳಿಸುವುದಿಲ್ಲ.

ತೋಟದ ಚೆಕ್‌ರೋಲ್ ಪುಸ್ತಕದಲ್ಲಿ ಕಾಯಂ ಕಾರ್ಮಿಕರಿಗೆ ಒಬ್ಬೊಬ್ಬರಿಗೂ ಒಂದೊಂದು ಸಾಲು, ಸಾಲಿನ ಮೊದಲಿಗೆ ಹೆಸರು. ಗುತ್ತಿಗೆಯ ಮೇಲೆ ಬಂದವರ ವಿಷಯದಲ್ಲಿ ಕರೆತಂದ ಮೇಸ್ತ್ರಿಯ ಹೆಸರಿದ್ದು, ಅದರ ಮುಂದೆ ಒಂದು ಅಂಕಿ ಮಾತ್ರ ಇರುವುದುಂಟು.